ಬೀಗದಕೈ ಗುರುತು, ಬರಿದಾಗುವ ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದಲ್ಲಿ ಮಲೆನಾಡಿನ ಕಡೆ ಒಮ್ಮೆ ಹೋದ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಂಥ ದಿನಗಳಲ್ಲಿ ಫೋನಿನಲ್ಲಿ ಉಳಿದ ಹತ್ತು ಪರ್ಸೆಂಟ್ ಚಾರ್ಜಿಗೂ ಬೆಲೆ ಇದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ: ತಾನಾಗಿ ಕನೆಕ್ಟ್ ಆಗುವ ವಿಪಿಎನ್. ಇದು ಆನ್ ಇದ್ದಾಗ ಫೋನಿನ ಇಂಟರ್ನೆಟ್ ಮಾಹಿತಿ ಗೂಢಲಿಪಿಗೆ ಬದಲಾಗಿ ಒಂದೇ ಸರ್ವರ್ ಮೂಲಕ ಹೋಗಿಬರುತ್ತದೆ. ಆಂಡ್ರಾಯ್ಡ್ ಫೋನಿನ ಮೇಲ್ತುದಿಯಲ್ಲಿ ಆಗ ಸಣ್ಣ ಬೀಗದಕೈ ಗುರುತು ಕಾಣುತ್ತದೆ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಆಫೀಸಿನವರು ಫೋನಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಆ್ಯಪ್ ಹಾಕಿ ‘ಆಲ್ವೇಸ್-ಆನ್’ ಮಾಡಿಕೊಟ್ಟಿದ್ದಾರೆ. ಬ್ಯಾಟರಿ 5000 ಎಂಎಎಚ್. ರಾತ್ರಿ 10ಕ್ಕೆ 90 ಪರ್ಸೆಂಟ್ ಇದ್ದದ್ದು ಬೆಳಿಗ್ಗೆ 6ಕ್ಕೆ 78 ಆಗಿರುತ್ತದೆ. ವಿಪಿಎನ್ ತೆಗೆದು ಮಲಗಿದರೆ 86 ಇರುತ್ತದೆ. ಗೂಢಲಿಪಿ ಮಾಡುವುದಕ್ಕೆ ಇಷ್ಟೊಂದು ಚಾರ್ಜ್ ಬೇಕೇ?
– ಓದುಗರು, ಹಾನುಬಾಳು, ಸಕಲೇಶಪುರ ತಾಲ್ಲೂಕು

ಉತ್ತರ: ಬೇಡ. ನೀವು ಎರಡೂ ರೀತಿ ಅಳೆದು ನೋಡಿ ಬರೆದಿರುವುದರಿಂದ ಲೆಕ್ಕ ಹಾಕುವುದು ಸುಲಭವಾಯಿತು. 5000 ಎಂಎಎಚ್ ಬ್ಯಾಟರಿಯಲ್ಲಿ ಒಂದು ಪರ್ಸೆಂಟ್ ಎಂದರೆ 50 ಎಂಎಎಚ್. ವಿಪಿಎನ್‌ನಿಂದ ಹೆಚ್ಚುವರಿಯಾಗಿ ಇಳಿದದ್ದು 8 ಪರ್ಸೆಂಟ್, ಅಂದರೆ 400 ಎಂಎಎಚ್. ಎಂಟು ಗಂಟೆಗೆ ಹಂಚಿದರೆ ಸರಾಸರಿ 50 ಮಿಲಿಆ್ಯಂಪಿಯರ್. ನೀವು ನಿದ್ದೆಯಲ್ಲಿದ್ದೀರಿ, ಫೋನಿನಲ್ಲಿ ಯಾರೂ ಏನನ್ನೂ ನೋಡುತ್ತಿಲ್ಲ, ಗೂಢಲಿಪಿಗೆ ಬದಲಿಸಬೇಕಾದ ಮಾಹಿತಿಯೇ ಹೆಚ್ಚುಕಡಿಮೆ ಇಲ್ಲ. ಹಾಗಿದ್ದೂ ಇಷ್ಟು ಇಳಿದಿದೆ ಎಂದರೆ ಅದು ಹೋದದ್ದು ಬೇರೆ ಕಡೆ: ಫೋನಿನ ರೇಡಿಯೊ ಎಚ್ಚರವಾಗಿರುವುದಕ್ಕೆ.

ಇದು ನಡೆಯುವ ಬಗೆ ಹೀಗೆ. 4ಜಿ ನೆಟ್‌ವರ್ಕಿನಲ್ಲಿ ಫೋನು ಒಂದು ಸಣ್ಣ ಸಂದೇಶ ಕಳಿಸಿದರೂ ರೇಡಿಯೊ ನಿದ್ದೆಯಿಂದೆದ್ದು ಟವರಿನ ಜೊತೆ ಪೂರ್ಣ ಸಂಪರ್ಕಕ್ಕೆ ಬರುತ್ತದೆ. ಕೆಲಸ ಮುಗಿದ ತಕ್ಷಣ ಮಲಗುವುದಿಲ್ಲ. ಇನ್ನೇನಾದರೂ ಬರಬಹುದೆಂದು ಸಾಮಾನ್ಯವಾಗಿ ಹತ್ತು ಸೆಕೆಂಡಿನ ಆಸುಪಾಸು ಕಾದು, ಆಮೇಲೆ ಮಲಗುತ್ತದೆ. ಈಗ ವೈರ್‌ಗಾರ್ಡ್ ಆ್ಯಪ್ ತೆರೆದು ನಿಮ್ಮ ಟನಲ್ (ಆಫೀಸಿನ ವಿಪಿಎನ್ ಸಂಪರ್ಕ) ಹೆಸರು ಒತ್ತಿ, ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ ಎಂಬ ಸಾಲು ನೋಡಿ. ಅಲ್ಲಿ 25 ಎಂದಿರುವ ಸಾಧ್ಯತೆ ಹೆಚ್ಚು. ‘ನಾನಿನ್ನೂ ಇದ್ದೇನೆ’ ಎಂದು ಪ್ರತಿ 25 ಸೆಕೆಂಡಿಗೊಮ್ಮೆ ಸರ್ವರಿಗೆ ಹೇಳು ಎಂದು ಇದರ ಅರ್ಥ. ಎಂಟು ಗಂಟೆಯಲ್ಲಿ 28,800 ಸೆಕೆಂಡು. 25ರಿಂದ ಭಾಗಿಸಿದರೆ 1,152 ಸಲ. ಒಂದೊಂದು ಸಂದೇಶದ ತೂಕ ಬರೀ 60 ಬೈಟ್, ಎಲ್ಲ ಸೇರಿಸಿದರೂ 70 ಕೆಬಿ ದಾಟುವುದಿಲ್ಲ. ಹಾಗಾಗಿ ಡೇಟಾ ಲೆಕ್ಕದಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಆದರೆ ಪ್ರತಿ ಸಲವೂ ರೇಡಿಯೊ ಎದ್ದು ಹತ್ತು ಸೆಕೆಂಡು ಕೂತರೆ, ರಾತ್ರಿಯ ಎಂಟು ಗಂಟೆಯಲ್ಲಿ ಮೂರು ಗಂಟೆಗೂ ಮಿಕ್ಕಿ ಅದು ಎಚ್ಚರವಾಗಿಯೇ ಇರುತ್ತದೆ. ನಿಮ್ಮ ಚಾರ್ಜ್ ಹೋಗುತ್ತಿರುವುದು ಇಲ್ಲಿ.

ವೈರ್‌ಗಾರ್ಡ್ ತನ್ನಷ್ಟಕ್ಕೆ ಮೌನಿ. ಕಳಿಸಲು ಏನೂ ಇಲ್ಲದಿದ್ದರೆ ಸುಮ್ಮನಿರುತ್ತದೆ, ಕೀಪ್‌ಅಲೈವ್ ಮೂಲತಃ ಆಫ್ ಇರುತ್ತದೆ. ಹಾಗಾದರೆ 25 ಎಂದು ಯಾಕೆ ಬರೆಯುತ್ತಾರೆ? ಮೊಬೈಲ್ ಕಂಪನಿಗಳು ಒಂದು ಇಂಟರ್ನೆಟ್ ವಿಳಾಸವನ್ನು ಹಲವು ಫೋನುಗಳಿಗೆ ಹಂಚುತ್ತವೆ. ಯಾವ ಫೋನಿನ ಸಂದೇಶ ಯಾವ ದಾರಿಯಲ್ಲಿ ಹೋಯಿತೆಂದು ಪಟ್ಟಿ ಇಟ್ಟು, ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಆ ಸಾಲನ್ನು ಅಳಿಸಿಬಿಡುತ್ತವೆ. ಅಳಿಸಿದ ಮೇಲೆ ಹೊರಗಿನಿಂದ ನಿಮ್ಮ ಫೋನಿಗೆ ಏನೂ ತಲುಪುವುದಿಲ್ಲ, ಫೋನೇ ಮತ್ತೆ ಮಾತೆತ್ತಬೇಕು. ಆ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲೆಂದೇ ಈ 25.

ಇಲ್ಲೊಂದು ಕೊಕ್ಕೆ ಇದೆ. ‘ಹಾಗಾದರೆ ಕೀಪ್‌ಅಲೈವ್ ತೆಗೆದುಬಿಡೋಣ’ ಎಂದು ಆ ಜಾಗ ಖಾಲಿ ಮಾಡಿದರೆ ಚಾರ್ಜ್ ಉಳಿಯುತ್ತದೆ, ಆದರೆ ವಾಟ್ಸ್‌ಆ್ಯಪ್ ಸಂದೇಶಗಳು ತಡವಾಗಿ, ಒಟ್ಟಿಗೆ ಹತ್ತಿಪ್ಪತ್ತು ಬಂದು ಬೀಳಬಹುದು. ಏಕೆಂದರೆ ಈಗ ವಾಟ್ಸ್‌ಆ್ಯಪ್ ಕೂಡ ವಿಪಿಎನ್ ಒಳಗಿನಿಂದಲೇ ಬರುತ್ತಿದೆ, ಆ ದಾರಿ ಮುಚ್ಚಿದೆ. ಆದ್ದರಿಂದ ಎರಡು ಕೆಲಸವನ್ನು ಜೊತೆಯಾಗಿ ಮಾಡಬೇಕು: ಆಫೀಸಿಗೆ ಸಂಬಂಧಿಸದ್ದನ್ನು ವಿಪಿಎನ್ ಹೊರಗಿಡುವುದು, ಆಮೇಲೆ ಕೀಪ್‌ಅಲೈವ್ ತೆಗೆಯುವುದು.

ಮೊದಲನೆಯದಕ್ಕೆ ‘ಅಲೌಡ್ ಐಪಿಸ್’ ಸಾಲು ನೋಡಿ. ಅಲ್ಲಿ 0.0.0.0/0 ಎಂದಿದ್ದರೆ ಲೋಕದ ಎಲ್ಲ ವಿಳಾಸವೂ ಆಫೀಸಿನ ಮೂಲಕವೇ ಹೋಗಬೇಕೆಂದು ಅರ್ಥ. ಆಫೀಸಿನ ಒಳ ನೆಟ್‌ವರ್ಕ್ ಉದಾಹರಣೆಗೆ 192.168.10.0/24 ಆಗಿದ್ದರೆ, ಅಷ್ಟನ್ನೇ ಬರೆದರೆ ಸಾಕು. ಆಗ ವಾಟ್ಸ್‌ಆ್ಯಪ್, ಯೂಟ್ಯೂಬ್ ನೇರ ದಾರಿ ಹಿಡಿಯುತ್ತವೆ. ಅದೇ ಪುಟದಲ್ಲಿ ‘ಡಿಎನ್‌ಎಸ್ ಸರ್ವರ್ಸ್’ ಎಂಬ ಸಾಲಿನಲ್ಲಿ ಆಫೀಸಿನ ವಿಳಾಸ ಇದ್ದರೆ, ಪ್ರತಿ ಆ್ಯಪ್ ಪ್ರತಿ ಜಾಲತಾಣದ ಹೆಸರು ಹುಡುಕುವಾಗಲೂ ಆಫೀಸಿನ ಬಾಗಿಲು ತಟ್ಟುತ್ತದೆ. ಆಫೀಸಿನ ಒಳಜಾಲದ ಹೆಸರುಗಳನ್ನು ನೀವು ಬಳಸದಿದ್ದರೆ ಆ ಸಾಲನ್ನೂ ಖಾಲಿ ಬಿಡಿ. ಆಫೀಸಿನ ನೆಟ್‌ವರ್ಕ್ ವಿಳಾಸ ಗೊತ್ತಿಲ್ಲದಿದ್ದರೆ ಇನ್ನೊಂದು ದಾರಿ: ‘ಆಲ್ ಅಪ್ಲಿಕೇಷನ್ಸ್’ ಗುಂಡಿ ಒತ್ತಿ, ‘ಇನ್‌ಕ್ಲೂಡ್ ಓನ್ಲಿ’ಯಲ್ಲಿ ಆಫೀಸಿನ ಮೇಲ್ ಮತ್ತು ಮೀಟಿಂಗ್ ಆ್ಯಪ್‌ಗಳನ್ನಷ್ಟೇ ಆರಿಸಿ.

ಈ ಬದಲಾವಣೆ ಮಾಡಿದ ಮೇಲೆ ವಾಟ್ಸ್‌ಆ್ಯಪ್ ಪೂರ್ತಿ ನಿಂತೇಹೋದರೆ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರಲ್ಲಿ ವಿಪಿಎನ್, ಅಲ್ಲಿ ವೈರ್‌ಗಾರ್ಡ್ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ. ಎರಡು ಸ್ವಿಚ್ ಇರುತ್ತವೆ: ‘ಆಲ್ವೇಸ್-ಆನ್ ವಿಪಿಎನ್’ ಮತ್ತು ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’. ಎರಡನೆಯದು ಆನ್ ಇದ್ದರೆ ನೀವು ಹೊರಗಿಟ್ಟ ಆ್ಯಪ್‌ಗಳಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ. ಅದನ್ನು ಆಫ್ ಮಾಡಬೇಕು. ಫೋನು ನಿಮ್ಮದಾದರೂ ಸಂಪರ್ಕ ಆಫೀಸಿನದು. ಹಾಗಾಗಿ ಇವನ್ನೆಲ್ಲ ಬದಲಿಸುವ ಮುನ್ನ ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಮಾತು ಕೇಳಿ. ಎಲ್ಲವೂ ತಮ್ಮ ಮೂಲಕವೇ ಹೋಗಬೇಕೆಂದು ಅವರು ಪಟ್ಟು ಹಿಡಿದರೆ ಕೀಪ್‌ಅಲೈವ್ ಅನ್ನು 25ರ ಬದಲು 60, ಆಮೇಲೆ 120 ಮಾಡಿ ಒಂದೊಂದು ದಿನ ನೋಡಿ. ಸಂದೇಶ ತಡವಾಗದೆ ಬರುವ ಅತಿ ದೊಡ್ಡ ಅಂಕಿ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಇದು ಒಂದೊಂದು ಸಿಮ್ ಕಂಪನಿಗೆ ಒಂದೊಂದು ರೀತಿ.

ಪ್ರಶ್ನೆ: ನಮ್ಮದೂ ಆಫೀಸಿನ ವಿಪಿಎನ್ನೇ, ಆದರೆ ಓಪನ್‌ವಿಪಿಎನ್. ಮೇಲಿನ ಥರದ ಯಾವ ಅಂಕಿಯೂ ಆ್ಯಪ್‌ನಲ್ಲಿ ಕಾಣಿಸುವುದಿಲ್ಲ. ಏನು ಮಾಡಬೇಕು?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಓಪನ್‌ವಿಪಿಎನ್‌ನಲ್ಲಿ ಆ ಅಂಕಿ ಸರ್ವರಿನಲ್ಲಿರುತ್ತದೆ, ಫೋನು ಕನೆಕ್ಟ್ ಆಗುವಾಗ ಸರ್ವರೇ ಅದನ್ನು ಹೇಳಿಕೊಡುತ್ತದೆ. ಬಹಳ ಕಡೆ ‘ಕೀಪ್‌ಅಲೈವ್ 10 60’ ಎಂಬ ಸಾಲನ್ನು ಹಾಗೇ ಬಿಟ್ಟಿರುತ್ತಾರೆ: 10 ಸೆಕೆಂಡಿಗೊಮ್ಮೆ ಸಂದೇಶ, 60 ಸೆಕೆಂಡು ಉತ್ತರವಿಲ್ಲದಿದ್ದರೆ ಮೊದಲಿನಿಂದ ಕನೆಕ್ಟ್. ಕಂಪ್ಯೂಟರಿಗೆ ಇದು ಏನೂ ಅಲ್ಲ. ಫೋನಿನ ರೇಡಿಯೊ ಮಾತ್ರ ಹತ್ತು ಸೆಕೆಂಡಿಗೊಮ್ಮೆ ತಟ್ಟಿಸಿಕೊಂಡರೆ ಮಲಗುವುದೇ ಇಲ್ಲ. ಫೋನುಗಳಿಗೆಂದು ಬೇರೆಯದೇ ಪ್ರೊಫೈಲ್ ಮಾಡಿ, ಈ ಅಂತರ ಹೆಚ್ಚಿಸಿಕೊಡಿ ಎಂದು ಆಫೀಸಿನವರನ್ನು ಕೇಳುವುದೇ ಸರಿಯಾದ ಪರಿಹಾರ. ಹಾಗೆಯೇ ಟಿಸಿಪಿ ಬದಲು ಯುಡಿಪಿ ಮೂಲಕ ಕೊಡಿ ಎಂದೂ ಕೇಳಿ. ಇವು ಮಾಹಿತಿ ಕಳಿಸುವ ಎರಡು ವಿಧಾನ: ದಾರಿಯಲ್ಲಿ ಕಳೆದುಹೋದದ್ದನ್ನು ಟಿಸಿಪಿ ತಾನೇ ಮತ್ತೆ ಕಳಿಸುತ್ತದೆ, ಯುಡಿಪಿ ಕಳಿಸುವುದಿಲ್ಲ. ಟಿಸಿಪಿಯ ಒಳಗೆ ಟಿಸಿಪಿ ಓಡಿಸಿದರೆ, ನೆಟ್‌ವರ್ಕ್ ಕೈಕೊಟ್ಟಾಗ ಒಳಗಿನದೂ ಹೊರಗಿನದೂ ಕಳೆದುಹೋದದ್ದನ್ನು ಎರಡೆರಡು ಸಲ ಕಳಿಸಲು ಹೋಗಿ ಸಂಪರ್ಕವೇ ಕಟ್ಟಿಕೊಳ್ಳುತ್ತದೆ.

ಅಲ್ಲಿಯವರೆಗೆ ಓಪನ್‌ವಿಪಿಎನ್ ಕನೆಕ್ಟ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಟರಿ ಸೇವರ್’ ಆನ್ ಮಾಡಿ. ಸ್ಕ್ರೀನ್ ಆಫ್ ಆದಾಗ ವಿಪಿಎನ್ ತಡೆದು ನಿಲ್ಲುತ್ತದೆ, ಸ್ಕ್ರೀನ್ ಆನ್ ಮಾಡಿದರೆ ಮುಂದುವರಿಯುತ್ತದೆ. ಅಲ್ಲೇ ‘ಕನೆಕ್ಷನ್ ಟೈಮ್‌ಔಟ್’ ಎಂಬಲ್ಲಿ ‘ಕಂಟಿನ್ಯೂಯಸ್ಲಿ ರಿಟ್ರೈ’ ಆಯ್ಕೆಯಾಗಿದ್ದರೆ ಅದನ್ನು ಒಂದು ನಿಮಿಷಕ್ಕೆ ಇಳಿಸಿ. ಸರ್ವರ್ ಸಿಗದ ರಾತ್ರಿಯಲ್ಲಿ ಬೆಳಗಿನವರೆಗೆ ಪ್ರಯತ್ನಿಸುತ್ತಲೇ ಇರುವುದು ತಪ್ಪುತ್ತದೆ.

ಪ್ರಶ್ನೆ: ತೋಟದ ಮನೆಯಲ್ಲಿ ಇದ್ದಾಗ ವಿಪಿಎನ್ ಕಡಿದು ಕಡಿದು ಕನೆಕ್ಟ್ ಆಗುತ್ತೆ. ‘ಕನೆಕ್ಟಿಂಗ್’ ಅಂತ ನೋಟಿಫಿಕೇಷನ್ ಬರ್ತಾನೇ ಇರುತ್ತೆ, ಫೋನು ಬಿಸಿ ಆಗುತ್ತೆ, ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಅರ್ಧಕ್ಕಿಳಿದಿರುತ್ತೆ. ಮೂಡಿಗೆರೆ ಪೇಟೆಗೆ ಹೋದರೆ ಸರಿ ಇರುತ್ತೆ. ಫೋನು ರೆಡ್ಮಿ, ಎರಡು ಸಿಮ್ ಇದೆ.
– ಕಾಫಿ ಬೆಳೆಗಾರರು, ಕೊಟ್ಟಿಗೆಹಾರದ ಹತ್ತಿರ

ಉತ್ತರ: ಪೇಟೆಯಲ್ಲಿ ಸರಿ ಇದ್ದು ತೋಟದಲ್ಲಿ ಕೆಡುತ್ತದೆ ಎಂದ ಮೇಲೆ ಮೊದಲ ಅನುಮಾನ ಸಿಗ್ನಲ್ ಮೇಲೆ. ಕಡ್ಡಿ ಎಷ್ಟಿದೆ ಎಂದು ನೋಡಬೇಡಿ, ಅಂಕಿ ನೋಡಿ: ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್, ಅಲ್ಲಿ ‘ಸಿಗ್ನಲ್ ಸ್ಟ್ರೆಂತ್’. ಡಿಬಿಎಂ ಎಂಬ ಮಾನದಲ್ಲಿ ಮೈನಸ್ ಅಂಕಿ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿ ಕೆಳಗಿಳಿದರೆ ದುರ್ಬಲ. ಜಗಲಿಯಲ್ಲಿ ಒಮ್ಮೆ, ನಡುಮನೆಯಲ್ಲಿ ಒಮ್ಮೆ, ಕಣದಲ್ಲಿ ಒಮ್ಮೆ ನೋಡಿ ಬರೆದಿಡಿ. ದಪ್ಪ ಗೋಡೆಯ ಮನೆಗಳಲ್ಲಿ ನಾಲ್ಕು ಹೆಜ್ಜೆಗೇ ದೊಡ್ಡ ವ್ಯತ್ಯಾಸ ಬರುತ್ತದೆ. ಟವರ್ ದೂರವಾದಷ್ಟೂ ಫೋನು ಗಟ್ಟಿಯಾಗಿ ಕೂಗಬೇಕು. 4ಜಿ ಫೋನಿನ ರೇಡಿಯೊ ಗರಿಷ್ಠ 200 ಮಿಲಿವಾಟ್‌ವರೆಗೆ ಶಕ್ತಿ ಹೊರಸೂಸುತ್ತದೆ, ಅದಕ್ಕಾಗಿ ಬ್ಯಾಟರಿಯಿಂದ ಎಳೆಯುವುದು ಅದಕ್ಕಿಂತ ಬಹಳ ಹೆಚ್ಚು. ಹಾನುಬಾಳಿನ ಓದುಗರಿಗೆ ಹೇಳಿದ ಕೀಪ್‌ಅಲೈವ್ ಲೆಕ್ಕ ಇಲ್ಲಿ ಇನ್ನಷ್ಟು ದುಬಾರಿ. ಅದರ ಮೇಲೆ ಸಿಗ್ನಲ್ ಹೋದಾಗಲೆಲ್ಲ ವಿಪಿಎನ್ ಕಡಿಯುತ್ತದೆ, ಬಂದಾಗಲೆಲ್ಲ ಮೊದಲಿನಿಂದ ಕೈಕುಲುಕುತ್ತದೆ.

ಎರಡನೆಯ ಸಿಮ್‌ಗೆ ತೋಟದಲ್ಲಿ ನೆಟ್‌ವರ್ಕ್ ಇದೆಯೇ ನೋಡಿ. ಇಲ್ಲದಿದ್ದರೆ ಫೋನು ದಿನವಿಡೀ ಅದಕ್ಕಾಗಿ ಟವರ್ ಹುಡುಕುತ್ತಿರುತ್ತದೆ, ಬೈಗುಳ ಮಾತ್ರ ವಿಪಿಎನ್‌ಗೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಆಫ್ ಮಾಡಿ, ಪೇಟೆಗೆ ಹೋದಾಗ ಆನ್ ಮಾಡಿಕೊಳ್ಳಿ. ಇದೊಂದರಿಂದಲೇ ಎದ್ದು ಕಾಣುವ ಉಳಿತಾಯ ಆಗುವುದುಂಟು. 5ಜಿ ಫೋನಾದರೆ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ ಅನ್ನು 4ಜಿಗೆ ಇಳಿಸಿ. ಹಿಡಿತಕ್ಕೆ ಸಿಕ್ಕೂ ಸಿಗದ 5ಜಿ ಮತ್ತು 4ಜಿ ನಡುವೆ ಓಡಾಡುವುದೂ ಚಾರ್ಜ್ ತಿನ್ನುವ ಕೆಲಸವೇ.

ಮನೆಯಲ್ಲಿ ಫೈಬರ್ ಅಥವಾ ಬೇರೆ ವೈ-ಫೈ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಏರ್‌ಪ್ಲೇನ್ ಮೋಡ್ ಆನ್ ಮಾಡಿ, ಆಮೇಲೆ ವೈ-ಫೈ ಮಾತ್ರ ಆನ್ ಮಾಡಿ, ‘ವೈ-ಫೈ ಕಾಲಿಂಗ್’ ಆನ್ ಇಡಿ. ಜಿಯೊ, ಏರ್‌ಟೆಲ್‌ನಲ್ಲಿ ಈ ಸೌಲಭ್ಯ ಇದೆ. ಟವರ್ ಹುಡುಕಾಟ ನಿಲ್ಲುತ್ತದೆ, ಕರೆಗಳು ವೈ-ಫೈ ಮೂಲಕ ಬರುತ್ತವೆ. ವಿಪಿಎನ್‌ನ ಸಣ್ಣ ಸಂದೇಶಗಳಿಗೆ ವೈ-ಫೈಯಲ್ಲಿ ತಗಲುವ ಶಕ್ತಿಯೂ ಮೊಬೈಲ್ ಡೇಟಾಗಿಂತ ಕಡಿಮೆ. ಇದನ್ನೇ ನೆಚ್ಚಿಕೊಳ್ಳುವ ಮೊದಲು ಬ್ಯಾಂಕಿನ ಒಟಿಪಿ ಬರುತ್ತದೆಯೇ ಎಂದು ಒಮ್ಮೆ ತರಿಸಿ ನೋಡಿ. ಕರೆಂಟ್ ಹೋಗಿ ರೂಟರ್ ಆಫ್ ಆದಾಗ ಏರ್‌ಪ್ಲೇನ್ ಮೋಡ್ ತೆಗೆಯುವುದನ್ನೂ ಮರೆಯಬಾರದು. ತುರ್ತಿನ ಕರೆ ಬರದೇ ಹೋದೀತು.

ಇನ್ನೊಂದು ಕಾರಣ ರೆಡ್ಮಿ, ರಿಯಲ್‌ಮಿ, ಒಪ್ಪೊ, ವಿವೊ ಫೋನುಗಳಲ್ಲಿ ಪದೇಪದೇ ಕಾಣುವಂಥದ್ದು. ಚಾರ್ಜ್ ಉಳಿಸಲೆಂದು ಫೋನು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಚ್ಚುತ್ತದೆ. ‘ಆಲ್ವೇಸ್-ಆನ್’ ಇರುವುದರಿಂದ ಆಂಡ್ರಾಯ್ಡ್ ಮತ್ತೆ ವಿಪಿಎನ್ ಎಬ್ಬಿಸುತ್ತದೆ. ಒಬ್ಬರು ಮುಚ್ಚುವುದು, ಇನ್ನೊಬ್ಬರು ತೆರೆಯುವುದು, ದಿನವಿಡೀ ಇದೇ. ಆದ್ದರಿಂದ ವಿಪಿಎನ್ ಆ್ಯಪ್ ಒಂದಕ್ಕೆ ಮಾತ್ರ ಉಳಿತಾಯದ ಕಟ್ಟುಪಾಡು ಸಡಿಲಿಸಬೇಕು. ರೆಡ್ಮಿಯಲ್ಲಿ ಆ್ಯಪ್‌ನ ಐಕಾನ್ ಒತ್ತಿ ಹಿಡಿದು ‘ಆ್ಯಪ್ ಇನ್ಫೊ’ಗೆ ಹೋಗಿ, ‘ಬ್ಯಾಟರಿ ಸೇವರ್’ನಲ್ಲಿ ‘ನೊ ರಿಸ್ಟ್ರಿಕ್ಷನ್ಸ್’ ಆರಿಸಿ, ‘ಆಟೊಸ್ಟಾರ್ಟ್’ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್ಸ್‌ನ ‘ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್’ ಒಳಗೆ, ಮಲಗಿಸಬಾರದ ಆ್ಯಪ್‌ಗಳ ಪಟ್ಟಿಗೆ ವಿಪಿಎನ್ ಸೇರಿಸಿ. ಚಾರ್ಜ್ ಉಳಿಸಲು ‘ನಿರ್ಬಂಧ ಬೇಡ’ ಎಂದು ಒತ್ತುವುದು ವಿಚಿತ್ರವೆನಿಸಬಹುದು, ಆದರೆ ನಿಂತು ನಿಂತು ಓಡುವ ಬಸ್ಸಿಗೇ ಡೀಸೆಲ್ ಹೆಚ್ಚು ಬೇಕು.

ಇಷ್ಟಾದರೂ ಕನೆಕ್ಟ್ ಆಗಿ, ಕೆಲವು ಪುಟಗಳು ಮಾತ್ರ ತೆರೆಯದೆ ಸುತ್ತುತ್ತಿದ್ದರೆ ವೈರ್‌ಗಾರ್ಡ್‌ನ ‘ಎಂಟಿಯು’ (ಒಂದು ಸಲಕ್ಕೆ ಕಳಿಸುವ ಮಾಹಿತಿ ಪೊಟ್ಟಣದ ಗರಿಷ್ಠ ಗಾತ್ರ) ಅಂಕಿಯನ್ನು 1280ಕ್ಕೆ ಇಳಿಸಿ. ದೊಡ್ಡ ಪೊಟ್ಟಣಗಳು ದಾರಿಯಲ್ಲಿ ಬಿದ್ದುಹೋಗಿ ಮತ್ತೆ ಮತ್ತೆ ಕಳಿಸುವುದು ನಿಲ್ಲುತ್ತದೆ.

ಪ್ರಶ್ನೆ: ಊರಿನಲ್ಲಿರುವ ಅಮ್ಮನ ಫೋನಿನ ಮೇಲ್ಭಾಗದಲ್ಲಿ ಬೀಗದಕೈ ಗುರುತು ಬಂದಿದೆ. ‘ನಾನೇನೂ ಹಾಕಿಲ್ಲ ಮಗಾ’ ಎನ್ನುತ್ತಾರೆ. ಎರಡು ದಿನ ಬರುತ್ತಿದ್ದ ಚಾರ್ಜ್ ಒಂದೇ ದಿನಕ್ಕೆ ಮುಗಿಯುತ್ತದೆ.
– ಓದುಗರು, ಕೊಪ್ಪ

ಉತ್ತರ: ಅಮ್ಮನ ಮಾತು ನಿಜವೇ ಇರಬಹುದು. ಮೊದಲ ಸಲ ವಿಪಿಎನ್ ಆರಂಭವಾಗುವಾಗ ಆಂಡ್ರಾಯ್ಡ್ ‘ಕನೆಕ್ಷನ್ ರಿಕ್ವೆಸ್ಟ್’ ಎಂಬ ಕಿಟಕಿ ತೋರಿಸಿ ಅನುಮತಿ ಕೇಳುತ್ತದೆ. ಇಂಗ್ಲಿಷಿನಲ್ಲಿ ಬಂದ ಆ ಕಿಟಕಿಗೆ, ಅದು ಹೋದರೆ ಸಾಕೆಂದು, ‘ಓಕೆ’ ಒತ್ತಿರುತ್ತಾರೆ. ಒತ್ತಿದ್ದು ನೆನಪಿರುವುದಿಲ್ಲ. ಅವರನ್ನು ದೂರಬೇಡಿ.

ನೀವು ಊರಿಗೆ ಹೋದಾಗಲೇ ಕೈಯಾರೆ ನೋಡುವುದು ಒಳ್ಳೆಯದು. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದರೆ ಕೆಲವು ಫೋನುಗಳಲ್ಲಿ ಯಾವ ಆ್ಯಪ್ ಎಂಬುದು ಅಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಜಾಗದಲ್ಲಿ ವಿಪಿಎನ್ ಎಂದು ಬರೆಯಿರಿ. ಅಲ್ಲಿ ಬರುವ ಪಟ್ಟಿಯಲ್ಲಿ ‘ಕನೆಕ್ಟೆಡ್’ ಎಂದಿರುವ ಹೆಸರಿನ ಹಲ್ಲುಚಕ್ರ ಒತ್ತಿ, ಮೊದಲು ‘ಆಲ್ವೇಸ್-ಆನ್’ ಆಫ್ ಮಾಡಿ, ಆಮೇಲೆ ‘ಫರ್ಗೆಟ್ ವಿಪಿಎನ್’ ಒತ್ತಿ, ಕೊನೆಗೆ ಆ್ಯಪ್ ತೆಗೆದುಹಾಕಿ. ಈ ಕ್ರಮ ಮುಖ್ಯ. ‘ಫರ್ಗೆಟ್’ ಒತ್ತದೆ ಬರೀ ಡಿಸ್‌ಕನೆಕ್ಟ್ ಮಾಡಿದರೆ ಅದು ಮತ್ತೆ ಬರುತ್ತದೆ. ಫೋನ್ ಕ್ಲೀನ್ ಮಾಡುತ್ತೇನೆ, ವೇಗ ಹೆಚ್ಚಿಸುತ್ತೇನೆ, ಪುಕ್ಕಟೆ ಇಂಟರ್ನೆಟ್ ಕೊಡುತ್ತೇನೆ ಎನ್ನುವ ಆ್ಯಪ್‌ಗಳಲ್ಲಿ ಇದು ಹೆಚ್ಚು. ಅಪರಿಚಿತ ವಿಪಿಎನ್ ಎಂದರೆ ಫೋನಿನ ಇಂಟರ್ನೆಟ್ ಓಡಾಟವೆಲ್ಲ ಅಪರಿಚಿತರ ಕೈಯಿಂದ ಹಾದುಹೋಗುತ್ತದೆ ಎಂದೇ ಅರ್ಥ. ಬ್ಯಾಟರಿಗಿಂತ ಇದು ದೊಡ್ಡ ಚಿಂತೆ. ಅಮ್ಮ ಆ ಫೋನಿನಲ್ಲಿ ಹಣ ಕಳಿಸುತ್ತಿದ್ದರೆ ಬೇರೆ ಫೋನಿನಿಂದ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಯುಪಿಐ ಪಿನ್ ಕೂಡ ಬದಲಿಸಿಕೊಡಿ.

ಪ್ರಶ್ನೆ: ಜಾಹೀರಾತು ತಡೆಯಲು ಒಂದು ಆ್ಯಪ್, ಮಗನ ಮೇಲೆ ನಿಗಾ ಇಡಲು ಇನ್ನೊಂದು ಆ್ಯಪ್ ಹಾಕಿದ್ದೇನೆ. ಎರಡೂ ವಿಪಿಎನ್ ಅನುಮತಿ ಕೇಳುತ್ತವೆ. ನಾನು ಬೇರೆ ಯಾವ ವಿಪಿಎನ್ ಬಳಸುವುದಿಲ್ಲ, ಆದರೂ ಚಾರ್ಜ್ ಬೇಗ ಇಳಿಯುತ್ತದೆ.
– ಓದುಗರು, ವಿದ್ಯಾನಗರ, ಹಾಸನ

ಉತ್ತರ: ಆಂಡ್ರಾಯ್ಡ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್ ಇರಲು ಸಾಧ್ಯ. ಜಾಹೀರಾತು ತಡೆಯುವ ಆ್ಯಪ್‌ಗಳು ದೂರದ ಸರ್ವರಿಗೆ ಹೋಗದೆ ಫೋನಿನೊಳಗೇ ವಿಪಿಎನ್ ಕಟ್ಟಿಕೊಂಡು ಹಾದುಹೋಗುವ ಮಾಹಿತಿಯನ್ನು ಸೋಸುತ್ತವೆ. ನಿಗಾ ಇಡುವ ಹಲವು ಆ್ಯಪ್‌ಗಳೂ ಅದೇ ಜಾಗವನ್ನೇ ಕೇಳುತ್ತವೆ. ಹಾಗಾಗಿ ಒಂದು ಸೇರಿದಾಗ ಇನ್ನೊಂದು ಹೊರಬೀಳುತ್ತದೆ, ಹೊರಬಿದ್ದದ್ದು ಮತ್ತೆ ಒಳಬರಲು ನೋಡುತ್ತದೆ. ಆ ಜಗಳದಲ್ಲಿ ಪ್ರೊಸೆಸರ್‌ಗೆ ಬಿಡುವಿಲ್ಲ.

ಜಾಹೀರಾತಿಗೆ ವಿಪಿಎನ್ ಬೇಕಿಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೌಲಭ್ಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಆ್ಯಡ್‌ಗಾರ್ಡ್‌ನವರ ಉಚಿತ ಡಿಎನ್‌ಎಸ್ ಹೆಸರನ್ನು ಅವರ ಜಾಲತಾಣದಿಂದ ನೋಡಿ ಅಲ್ಲಿ ತುಂಬಿದರೆ ಜಾಹೀರಾತು ಸರ್ವರ್‌ಗಳ ಹೆಸರಿಗೆ ವಿಳಾಸವೇ ಸಿಗದಂತಾಗುತ್ತದೆ. ಹಿನ್ನೆಲೆಯಲ್ಲಿ ಬೇರೆ ಆ್ಯಪ್ ಓಡುವುದಿಲ್ಲ, ಬೀಗದಕೈ ಗುರುತೂ ಇರುವುದಿಲ್ಲ. ಯೂಟ್ಯೂಬ್ ಜಾಹೀರಾತು ಇದರಿಂದ ಹೋಗದು, ಅದು ವಿಡಿಯೊ ಬರುವ ಕಡೆಯಿಂದಲೇ ಬರುತ್ತದೆ. ಮಗನ ಫೋನಿನಲ್ಲಿ ಅಶ್ಲೀಲ ತಾಣಗಳನ್ನು ತಡೆಯಲು ಕ್ಲೌಡ್‌ಫ್ಲೇರ್‌ನ ಕುಟುಂಬ ಡಿಎನ್‌ಎಸ್ ಅನ್ನು ಇದೇ ಜಾಗದಲ್ಲಿ ಹಾಕಬಹುದು. ಎಷ್ಟು ಹೊತ್ತು ಬಳಸುತ್ತಾನೆ, ಯಾವ ಆ್ಯಪ್ ಹಾಕಿಕೊಳ್ಳುತ್ತಾನೆ ಎಂಬುದಕ್ಕೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಸಾಕು, ಅದು ವಿಪಿಎನ್ ಬಳಸುವುದಿಲ್ಲ. ಹೋಟೆಲ್ ಅಥವಾ ರೈಲು ನಿಲ್ದಾಣದ ವೈ-ಫೈಯಲ್ಲಿ ಲಾಗಿನ್ ಪುಟ ತೆರೆಯದಿದ್ದರೆ ಪ್ರೈವೇಟ್ ಡಿಎನ್‌ಎಸ್ ಅನ್ನು ಸ್ವಲ್ಪ ಹೊತ್ತು ‘ಆಟೊಮ್ಯಾಟಿಕ್’ಗೆ ಬದಲಿಸಿ.

ಪ್ರಶ್ನೆ: ಐಫೋನಿನಲ್ಲಿ ವಿಪಿಎನ್ ಆಫ್ ಮಾಡಿದರೆ ಎರಡು ಸೆಕೆಂಡಿಗೆ ತಾನೇ ಆನ್ ಆಗುತ್ತದೆ. ಮನೆಯ ವೈ-ಫೈಯಲ್ಲಿ ಇದ್ದಾಗಲಾದರೂ ಬೇಡ ಎನ್ನುವುದು ಹೇಗೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಸೆಟ್ಟಿಂಗ್ಸ್, ಜನರಲ್, ‘ವಿಪಿಎನ್ ಆ್ಯಂಡ್ ಡಿವೈಸ್ ಮ್ಯಾನೇಜ್‌ಮೆಂಟ್’, ವಿಪಿಎನ್. ಅಲ್ಲಿ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿದರೆ ‘ಕನೆಕ್ಟ್ ಆನ್ ಡಿಮ್ಯಾಂಡ್’ ಸ್ವಿಚ್ ಸಿಗುತ್ತದೆ. ಅದು ಆನ್ ಇರುವವರೆಗೆ ನೀವು ಎಷ್ಟು ಸಲ ಆಫ್ ಮಾಡಿದರೂ, ಯಾವುದಾದರೂ ಆ್ಯಪ್ ಇಂಟರ್ನೆಟ್ ಕೇಳಿದ ಕೂಡಲೇ ವಿಪಿಎನ್ ಏಳುತ್ತದೆ. ಪೂರ್ತಿ ಬೇಡವೆಂದರೆ ಮೊದಲು ಆ ಸ್ವಿಚ್ ಆಫ್, ಆಮೇಲೆ ವಿಪಿಎನ್ ಆಫ್.

ಮನೆಯಲ್ಲಿ ಮಾತ್ರ ಬೇಡವೆಂದರೆ ವಿಪಿಎನ್ ಆ್ಯಪ್‌ನೊಳಗೆ ಹೋಗಬೇಕು. ವೈರ್‌ಗಾರ್ಡ್‌ನಲ್ಲಿ ಟನಲ್ ಎಡಿಟ್ ಮಾಡುವಾಗ ‘ಆನ್ ಡಿಮ್ಯಾಂಡ್’ ಭಾಗದಲ್ಲಿ ಸೆಲ್ಯುಲಾರ್, ವೈ-ಫೈ ಎಂಬ ಎರಡು ಆಯ್ಕೆ ಇವೆ. ವೈ-ಫೈ ಆನ್ ಮಾಡಿ, ಅದರಡಿ ಮನೆಯ ವೈ-ಫೈ ಹೆಸರನ್ನು ಹೊರತುಪಡಿಸುವಂತೆ ಸೇರಿಸಿ. ಬೇರೆ ಕಂಪನಿಗಳ ಆ್ಯಪ್‌ಗಳಲ್ಲಿ ಇದೇ ಸೌಲಭ್ಯ ‘ಟ್ರಸ್ಟೆಡ್ ನೆಟ್‌ವರ್ಕ್ಸ್’ ಎಂಬ ಹೆಸರಿನಲ್ಲಿರುತ್ತದೆ. ಹೋಮ್‌ಸ್ಟೇ, ಕಾಫಿ ಶಾಪ್‌ಗಳ ವೈ-ಫೈ ಸೇರಿದಾಗ ವಿಪಿಎನ್ ತಾನಾಗಿ ಆನ್ ಆಗುತ್ತದೆ, ಮನೆಗೆ ಬಂದಾಗ ಬಿಡುತ್ತದೆ. ಕಂಪನಿಯವರೇ ಕೊಟ್ಟು, ಅವರೇ ನಿರ್ವಹಿಸುವ ಐಫೋನಾದರೆ ಈ ಸ್ವಿಚ್‌ಗಳು ನಿಮ್ಮ ಕೈಗೆ ಸಿಗದಿರಬಹುದು.

ಪ್ರಶ್ನೆ: ಬ್ಯಾಟರಿ ಪಟ್ಟಿಯಲ್ಲಿ ವಿಪಿಎನ್ ಆ್ಯಪ್ 30 ಪರ್ಸೆಂಟ್ ತೋರಿಸುತ್ತದೆ. ಅಷ್ಟೂ ಅದೇ ತಿಂದದ್ದೇ?
– ಓದುಗರು, ಅರಸೀಕೆರೆ

ಉತ್ತರ: ಅಲ್ಲ. ನೀವು ಯೂಟ್ಯೂಬ್ ನೋಡಿದರೂ ಆ ಮಾಹಿತಿಯನ್ನು ಬಿಚ್ಚಿ ಕಟ್ಟುವುದು ವಿಪಿಎನ್ ಆ್ಯಪ್, ಆ ಶ್ರಮ ಅದರ ಲೆಕ್ಕಕ್ಕೆ ಬೀಳುತ್ತದೆ. ಜೊತೆಗೆ ಆ 30 ಎಂಬುದು ಇಡೀ ಬ್ಯಾಟರಿಯ 30 ಆಗಿರಬೇಕೆಂದಿಲ್ಲ, ಅದುವರೆಗೆ ಖರ್ಚಾದದ್ದರಲ್ಲಿ 30 ಆಗಿರಬಹುದು. ಪಟ್ಟಿಯನ್ನು ನಂಬಿ ಕೂರುವ ಬದಲು ಹಾನುಬಾಳಿನವರ ಹಾಗೆ ರಾತ್ರಿ ಅಳೆಯಿರಿ. ಒಂದೇ ಕೋಣೆ, ಒಂದೇ ಜಾಗದಲ್ಲಿ ಫೋನು ಇರಲಿ. 100ರಿಂದ ಶುರು ಮಾಡಬೇಡಿ, ಮೊದಲ ಒಂದೆರಡು ಪರ್ಸೆಂಟ್ ಸರಿಯಾಗಿ ಇಳಿಯುವುದಿಲ್ಲ. 90ರ ಹತ್ತಿರ ಇರಲಿ. ವಿಪಿಎನ್ ಇಟ್ಟು ಎರಡು ರಾತ್ರಿ, ತೆಗೆದು ಎರಡು ರಾತ್ರಿ. ವ್ಯತ್ಯಾಸ ಒಂದೆರಡು ಪರ್ಸೆಂಟ್ ಒಳಗಿದ್ದರೆ ವಿಪಿಎನ್ ಬಿಟ್ಟು ಬೇರೆ ಕಾರಣ ಹುಡುಕಿ.

ಪ್ರಶ್ನೆ: ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಸಕಲೇಶಪುರ ದಾಟಿದ ಮೇಲೆ ಫೋನಿನ ಚಾರ್ಜ್ ಸುರಿದುಹೋಗುತ್ತದೆ. ವಿಪಿಎನ್ ಬದಲಿಸಿದರೆ ಸರಿಹೋದೀತೇ?
– ಓದುಗರು, ಹಾಸನ

ಉತ್ತರ: ಅರ್ಧ ಮಾತ್ರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಮಧ್ಯೆ ದಟ್ಟ ಕಾಡು. ಸಿಗ್ನಲ್ ಬಂದು ಹೋಗುವ ಈ ದಾರಿಯಲ್ಲಿ ಟವರ್ ಹುಡುಕುವುದಕ್ಕೇ ಹೆಚ್ಚು ಚಾರ್ಜ್ ಬೇಕು, ವಿಪಿಎನ್ ಇರಲಿ ಬಿಡಲಿ. ಪ್ರತಿ ಸಲ ಸಿಗ್ನಲ್ ಮರಳಿದಾಗ ಓಪನ್‌ವಿಪಿಎನ್ ಹಲವು ಸುತ್ತಿನ ಮಾತುಕತೆ ನಡೆಸಿ ಕನೆಕ್ಟ್ ಆಗುತ್ತದೆ. ವೈರ್‌ಗಾರ್ಡ್ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಐಕೆಇವಿ2 ಎಂಬ ಬಗೆಯ ವಿಪಿಎನ್‌ನಲ್ಲಿ ಮೊಬೈಕ್ ಎಂಬ ವ್ಯವಸ್ಥೆಯಿದೆ, ಫೋನಿನ ವಿಳಾಸ ಬದಲಾದರೂ ಮೊದಲಿನಿಂದ ಶುರು ಮಾಡದೆ ಮುಂದುವರಿಸುತ್ತದೆ. ಆಂಡ್ರಾಯ್ಡ್ 11ರಿಂದ ಈಚಿನ ಫೋನುಗಳಲ್ಲೂ ಐಫೋನಿನಲ್ಲೂ ಐಕೆಇವಿ2ಗೆ ಬೇರೆ ಆ್ಯಪ್ ಬೇಕಿಲ್ಲ. ದಿನಾ ಓಡಾಡುವವರಿಗೆ ವೈರ್‌ಗಾರ್ಡ್, ಐಕೆಇವಿ2 ಎರಡರಲ್ಲಿ ಒಂದು ಒಳ್ಳೆಯದು. ಘಾಟಿ ಇಳಿಯುವ ಎರಡು ಗಂಟೆಗೂ ಮಿಕ್ಕಿದ ಹೊತ್ತಿಗೆ ಮಾತ್ರ ಏರ್‌ಪ್ಲೇನ್ ಮೋಡ್‌ಗಿಂತ ಉತ್ತಮ ಉಪಾಯ ಇಲ್ಲ. ಮನೆಯವರಿಗೆ ಸಕಲೇಶಪುರ ಸ್ಟೇಷನ್ನಿನಲ್ಲೇ ಒಂದು ಮಾತು ತಿಳಿಸಿಬಿಡಿ.

ಪ್ರಶ್ನೆ: ದುಡ್ಡು ಕೊಟ್ಟು ವಿಪಿಎನ್ ತಗೊಂಡಿದ್ದೇನೆ, ಸರ್ವರ್ ‘ಇಂಡಿಯಾ’ ಎಂದು ಆರಿಸಿದ್ದೇನೆ. ಆದರೂ ನಿಧಾನ. ಬ್ಯಾಂಕಿನ ಆ್ಯಪ್ ತೆರೆಯುವುದೇ ಇಲ್ಲ.
– ಹೋಮ್‌ಸ್ಟೇ ನಡೆಸುವವರು, ಕಳಸ

ಉತ್ತರ: 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಆ ಬಳಿಕ ‘ಇಂಡಿಯಾ’ ಎಂದು ಕಾಣುವ ಸರ್ವರ್ ನಿಜದಲ್ಲಿ ಸಿಂಗಪುರದಲ್ಲೋ ಇನ್ನೆಲ್ಲೋ ಇರಬಹುದು. ಕಳಸದಿಂದ ಹೊರಟ ಮಾಹಿತಿ ಅಷ್ಟು ದೂರ ಹೋಗಿ ಬರುವಾಗ ಪುಟ ತೆರೆಯುವುದು ತಡವಾಗುತ್ತದೆ, ಅಷ್ಟು ಹೊತ್ತು ಸ್ಕ್ರೀನೂ ರೇಡಿಯೊವೂ ಉರಿಯುತ್ತಿರುತ್ತವೆ. ಆ್ಯಪ್‌ನಲ್ಲಿ ‘ವರ್ಚುವಲ್’ ಎಂಬ ಗುರುತಿದೆಯೇ ನೋಡಿ. ಇದ್ದರೆ ಸಿಂಗಪುರವನ್ನೇ ನೇರ ಆರಿಸಿ, ಎರಡನ್ನೂ ಹೋಲಿಸಿ.

ವಿಪಿಎನ್ ಕಂಡರೆ ಕೆಲವು ಬ್ಯಾಂಕಿನ ಆ್ಯಪ್‌ಗಳು ಮುಂದುವರಿಯುವುದಿಲ್ಲ, ಅದು ಅವರ ಸುರಕ್ಷತೆಯ ನಿಯಮ. ನಿಮ್ಮ ಆ್ಯಪ್‌ನಲ್ಲಿ ‘ಸ್ಪ್ಲಿಟ್ ಟನಲಿಂಗ್’ ಎಂಬ ಸೆಟ್ಟಿಂಗ್ ಇರುತ್ತದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ಅಲ್ಲಿ ಹೊರಗಿಡುವ ಪಟ್ಟಿಗೆ ಸೇರಿಸಿ, ವಿಪಿಎನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೊಸ ಪಟ್ಟಿ ಮರುಕನೆಕ್ಟ್ ಆದ ಮೇಲೆಯೇ ಜಾರಿಗೆ ಬರುತ್ತದೆ. ಕೌಂಟರಿನಲ್ಲಿ ಅತಿಥಿಗಳನ್ನು ಕಾಯಿಸುವ ಮೊದಲು ಒಂದು ರೂಪಾಯಿ ಕಳಿಸಿ ಪರೀಕ್ಷಿಸಿಕೊಳ್ಳಿ.